ಮರಿ ಕಾಯುವುದು

ದೀಪ ಹಾಕಿದ ಕೂಡಲೇ ಅದರ ಕೆಳಗೆ ಅಂಗೈ ಹಿಡಿಯುವ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಸ್ವಿಚ್ಚು ಒತ್ತುತ್ತೇನೆ, ಬೆಳಕು ಬರುತ್ತದೆ, ಬಲಗೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಮನೆಯಲ್ಲಾದರೆ ನೋಡುವವರಿಲ್ಲ. ಶಾಲೆಯ ಸ್ಟಾಫ್ ರೂಮಿನಲ್ಲಿ ಟ್ಯೂಬ್‌ಲೈಟು ಸೂರಿಗೆ ಅಂಟಿಕೊಂಡಂತಿದೆ. ನನ್ನ ಕೈ ಅದಕ್ಕೆ ನಿಲುಕುವ ಮಾತೇ ಇಲ್ಲ. ಆದರೂ ಒಂದು ಮೋಡದ ಬೆಳಿಗ್ಗೆ ದೀಪ ಹಾಕಿ, ಕೈಯನ್ನು ಅರ್ಧದವರೆಗೆ ಎತ್ತಿ ಹಾಗೆಯೇ ನಿಂತುಬಿಟ್ಟಿದ್ದೆ. ಡ್ರಾಯಿಂಗ್ ಮೇಷ್ಟ್ರು ನೋಡಿದರು.

“ಏನ್ರೀ ಮೇಡಂ, ಟ್ಯೂಬ್‌ಲೈಟಿಗೆ ಆಶೀರ್ವಾದ ಮಾಡ್ತಿದ್ದೀರೋ, ಅದ್ರ ಹತ್ರ ವರ ಕೇಳ್ತಿದ್ದೀರೋ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾರಣ ಹೇಳಲಿಲ್ಲ. ಹೇಳುವುದಾದರೆ ನಿಧಾನವಾಗಿ, ಏನನ್ನೂ ಬಿಡದೆ ಹೇಳಬೇಕು. ಮುಂದಿನ ಬೆಲ್ಲು ಹೊಡೆಯುವುದರೊಳಗೆ ಮುಗಿಯುವ ಸಂಗತಿ ಅದಲ್ಲ. ನಿಮಗಾದರೆ ಹೇಳಬಹುದು.

ನಾನು ಚನ್ನಗಿರಿಯವಳು, ಕನ್ನಡ ಕಲಿಸುವವಳು. ಸವಳಂಗದ ಹತ್ತಿರದ ಹೈಸ್ಕೂಲಿಗೆ ವರ್ಗವಾಗಿ ನಾಲ್ಕು ವರ್ಷವಾಯಿತು. ನಮ್ಮ ಮನೆಯವರು ಚನ್ನಗಿರಿಯಲ್ಲೇ ಇದ್ದಾರೆ. ನಾನು ವಾರವೆಲ್ಲ ಸವಳಂಗದ ಬಾಡಿಗೆ ಮನೆಯಲ್ಲಿದ್ದು ಶನಿವಾರ ಮಧ್ಯಾಹ್ನದ ಬಸ್ಸು ಹಿಡಿಯುತ್ತೇನೆ. ನನ್ನ ಮನೆಯ ಗೋಡೆಗೆ ಗೋಡೆ ಸೇರಿದ್ದು ಹನುಮಕ್ಕನ ಮನೆ.

ಹನುಮಕ್ಕ ಜಗಳೂರು ತಾಲ್ಲೂಕಿನ ಸೊಕ್ಕೆಯ ಮಗಳು. ಮದುವೆಯಾಗಿ ಈ ಕಡೆ ಬಂದು ಇಪ್ಪತ್ತೈದು ವರ್ಷವಾಗಿರಬೇಕು. ಗಂಡ ತಿಪ್ಪೇಶಣ್ಣ ಅಡಿಕೆ ಕೊಯ್ಲಿನ ಗುಂಪಿನೊಂದಿಗೆ ಊರೂರು ತಿರುಗುವವರು. ಮನೆಗೆ ಬರುವುದು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ. ಹನುಮಕ್ಕ ಇಷ್ಟು ವರ್ಷವೂ ಹೊಲದ ಕೂಲಿಗೆ ಹೋದವಳು. ಈರುಳ್ಳಿ ಕಳೆ, ಮೆಣಸಿನ ಗಿಡದ ಕಳೆ, ಶುಂಠಿ ಹೆಕ್ಕುವುದು. ಎಲ್ಲವೂ ಕುಕ್ಕರುಗಾಲಿನಲ್ಲಿ ಕೂತು, ಕೂತಲ್ಲೇ ಮುಂದೆ ಮುಂದೆ ಸರಿಯುತ್ತ ಮಾಡುವ ಕೆಲಸ. ಕಳೆದ ದೀಪಾವಳಿಯ ಹೊತ್ತಿಗೆ ಅವಳ ಎರಡೂ ಮೊಣಕಾಲು ಊದಿಕೊಂಡವು. ಹೊನ್ನಾಳಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಬಂದವಳು ನನ್ನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ವರದಿ ಒಪ್ಪಿಸಿದಳು.

“ಕುಕ್ಕರುಗಾಲಲ್ಲಿ ಕುಂದ್ರಬ್ಯಾಡ ಅಂದ್ರು ಟೀಚರ್ರೇ. ಕಳೆ ಏನು ನನ್ನ ಎದೆಮಟ ಬೆಳೀತೈತಾ, ನಿಂತ್ಕಂಡು ಕೀಳಾಕೆ?”

ಹಾಗೆ ನಗಿಸಿದವಳು ಒಂದು ತಿಂಗಳು ಯೋಚನೆ ಮಾಡಿ ಕೋಳಿ ಸಾಕುವುದೆಂದು ತೀರ್ಮಾನಿಸಿದಳು. ಒಂದೆರಡಲ್ಲ, ಮೂವತ್ತು. ಹಿಂದೆ ಅವಳ ಹಿತ್ತಿಲಲ್ಲಿ ಎರಡು ಹೇಟೆಗಳಿದ್ದವಂತೆ. ಮುಂಗುಸಿ ಹೊತ್ತೊಯ್ದ ಮೇಲೆ ಯಾವುದೂ ಇರಲಿಲ್ಲ. ಈಗ ನ್ಯಾಮತಿಯಿಂದ ಮೂವತ್ತು ನಾಟಿ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಳು. ತಿಪ್ಪೇಶಣ್ಣ ಆ ದಿನ ಮನೆಯಲ್ಲಿದ್ದರು.

“ಮೂವತ್ತು ಮರಿ ಸಾಕಿ ನೀನೇನು ಸೌಕಾರ್ತಿ ಆಗ್ತೀಯಾ?” ಎಂದರು.

“ಸೌಕಾರ್ತಿ ಆಗಲ್ಲ ಬಿಡು. ಇದು ನಿಂತು ಮಾಡೋ ಕೆಲ್ಸ. ನಂಗೆ ಅಷ್ಟು ಸಾಕು” ಎಂದಳು ಹನುಮಕ್ಕ.

ಸಂಗತಿ ಅಷ್ಟು ಸರಳವಾಗಿತ್ತು. ಈ ಮೂವತ್ತು ಮರಿ ಬದುಕಿ ದೊಡ್ಡವಾದರೆ, ಮೊಟ್ಟೆ ಇಟ್ಟರೆ, ಅವಳು ಮತ್ತೆ ಕಳೆಗೆ ಕೂರಬೇಕಾಗಿರಲಿಲ್ಲ. ಸತ್ತರೆ ಕೂರಬೇಕಾಗಿತ್ತು. ಇದು ನನಗೆ ಆಗಲೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ.

ಗೊತ್ತಿಲ್ಲದ್ದು ಬೇರೆಯೇ ಇತ್ತು. ನಮ್ಮದು ಶಿವದಾರದ ಮನೆ. ಚನ್ನಗಿರಿಯ ನಮ್ಮ ಮನೆಯಲ್ಲಿ ಕೋಳಿ ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಯಾರೂ ಆಡುತ್ತಿರಲಿಲ್ಲ. ಅಜ್ಜಿಗೆ ಹೇಳಲೇಬೇಕಾದ ಸಂದರ್ಭ ಬಂದರೆ “ಅದು” ಎನ್ನುತ್ತಿದ್ದಳು. “ಹಿಂದಿನ ಬೀದಿಯೋರ ಅದು ಅಂಗಳಕ್ಕೆ ಬಂದೈತೆ ನೋಡು, ಓಡ್ಸು.” ಆರೇಳು ವರ್ಷದವಳಿದ್ದಾಗ ಒಮ್ಮೆ ಆ ಹಿಂದಿನ ಬೀದಿಯ ಹೇಟೆ ತನ್ನ ಸಂಸಾರ ಸಮೇತ ನಮ್ಮ ಅಂಗಳಕ್ಕೆ ಬಂದಿತ್ತು. ಎಲ್ಲರೂ ಒಳಗಿದ್ದರು. ನಾನು ಒಂದು ಮರಿಯನ್ನು ಹಿಡಿದು ಲಂಗದ ಮಡಿಲಿಗೆ ಹಾಕಿಕೊಂಡೆ. ತಾಯಿಕೋಳಿ ನನ್ನ ಮೇಲೆ ಹಾರಿತು, ನಾನು ಒಳಗೆ ಓಡಿದೆ. ಮಡಿಲು ಚೀಂವ್ ಎಂದದ್ದು ಅಜ್ಜಿಗೆ ಕೇಳಿಸಿತು. ಮರಿ ಅಂಗಳಕ್ಕೆ ಹೋಯಿತು, ನಾನು ಬಚ್ಚಲಿಗೆ. ತಲೆಯ ಮೇಲೆ ತಂಬಿಗೆ ತಂಬಿಗೆ ಬಿಸಿನೀರು ಹೊಯ್ಯುತ್ತ ಅಜ್ಜಿ ಬೈಯಲಿಲ್ಲ. ಅವಳು ಬೈಯದೇ ಇದ್ದದ್ದರಿಂದ ನಾನು ಏನೋ ಬಹಳ ದೊಡ್ಡದನ್ನು ಮಾಡಿದ್ದೇನೆ ಎಂದುಕೊಂಡೆ. ಅಂದಿನಿಂದ ನಲವತ್ತು ವರ್ಷ ನಾನು ಕೋಳಿಮರಿಯನ್ನು ಮುಟ್ಟಿರಲಿಲ್ಲ. ಬೋರ್ಡಿನ ಮೇಲೆ ‘ಕೋ’ ಅಕ್ಷರಕ್ಕೆ ಬೇಕಾದಷ್ಟು ಕೋಳಿ ಬರೆದಿದ್ದೇನೆ. ಜುಟ್ಟು ಚೆನ್ನಾಗಿ ಬರುತ್ತದೆ.

ಜನವರಿಯ ಒಂದು ಬುಧವಾರ, ಬೆಳಿಗ್ಗೆ ಇನ್ನೂ ಆರಾಗಿರಲಿಲ್ಲ, ಹನುಮಕ್ಕ ಕದ ಬಡಿದಳು. ಸೊಕ್ಕೆಯಲ್ಲಿ ಅವಳ ತಾಯಿ ಹೊಸ್ತಿಲು ಎಡವಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ತಮ್ಮ ಫೋನ್ ಮಾಡಿದ್ದನಂತೆ. ನ್ಯಾಮತಿ, ಹೊನ್ನಾಳಿ, ದಾವಣಗೆರೆ, ಜಗಳೂರು ಎಂದು ಬಸ್ಸು ಬದಲಿಸುತ್ತ ಹೋಗಬೇಕು. ಕೈಯಲ್ಲಿ ಬ್ಯಾಗು ಇತ್ತು.

“ಎರಡು ರಾತ್ರಿ ಅಷ್ಟೇ ಟೀಚರ್ರೇ. ಶುಕ್ರವಾರ ಸಂಜೆ ಬಂದುಬಿಡ್ತೀನಿ. ಇವ್ರಿಗೆ ಕೊಯ್ಲು ಬಿಟ್ಟು ಬರಾಕೆ ಆಗಲ್ಲ. ಮರಿ ಒಂಚೂರು ನೋಡ್ಕಳ್ರಿ.”

“ನಂಗೇನು ಗೊತ್ತು ಹನುಮಕ್ಕ, ಕೋಳಿ ವಿಷಯ?”

“ಗೊತ್ತಿರಾಕೆ ಏನೈತ್ರೀ? ಅವು ಮಕ್ಳಂಗೆ ನೋಟ್ಸ್ ಕೇಳ್ತಾವಾ?” ಎಂದು ನನ್ನನ್ನು ಹಿತ್ತಿಲ ಕೋಣೆಗೆ ಕರೆದುಕೊಂಡು ಹೋದಳು.

ಆ ಕೋಣೆ ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ. ತಗಡಿನ ಸೂರು. ನೆಲದ ಮೇಲೆ ಭತ್ತದ ಹೊಟ್ಟು ಹರಡಿ, ಅದರ ಸುತ್ತ ರಟ್ಟಿನ ಗೋಡೆಯನ್ನು ದುಂಡಗೆ ನಿಲ್ಲಿಸಿದ್ದಳು. ಗೋಡೆ ಮೊಣಕಾಲಿನಷ್ಟು ಎತ್ತರ. ಒಂದು ಕಡೆ ನೀರಿನ ತಟ್ಟೆ, ಇನ್ನೊಂದು ಕಡೆ ನುಚ್ಚು. ನಡುವೆ, ಹೊಟ್ಟಿನಿಂದ ಒಂದೂವರೆ ಗೇಣು ಮೇಲೆ, ಸೂರಿನಿಂದ ಇಳಿಬಿಟ್ಟ ವಯರಿನ ತುದಿಯಲ್ಲಿ ಹಳದಿ ಬಲ್ಬು ಉರಿಯುತ್ತಿತ್ತು. ಒಳಗಿನ ತಂತಿ ಕಾಣುವ ಹಳೆಯ ಕಾಲದ ಬಲ್ಬು. ಅದರ ಕೆಳಗೆ ಹತ್ತು ದಿನದ ಮರಿಗಳು ಚೆಲ್ಲಿದ ಹತ್ತಿಯ ಹಾಗೆ ಬಿಡಿಬಿಡಿಯಾಗಿ ಮಲಗಿದ್ದವು.

ಹನುಮಕ್ಕ ಬಲ್ಬಿನ ಕಡೆ ಬೆರಳು ತೋರಿಸಿ ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ.

“ನೀರು ನುಚ್ಚು ಒಂದೊತ್ತು ತಡ ಆದ್ರೂ ನಡೀತೈತೆ. ಈ ದೀಪ ಮಾತ್ರ ಆರಬಾರದು ನೋಡ್ರಿ. ರಾತ್ರಿಯೆಲ್ಲ ಮರಿ ಕಾಯ್ಬೇಕು.”

“ಬೆಕ್ಕು ಬರ್ತಾವಾ?” ಎಂದೆ.

“ಬರ್ದೇ ಇರ್ತಾವಾ? ಕದ ಭದ್ರ ಮಾಡ್ಕಳ್ರಿ” ಎಂದಳು. ಬಸ್ಸಿನ ಹಾರನ್ ಕೇಳಿಸಿತು. ಬೀಗದ ಕೈ ನನ್ನ ಕೈಗಿಟ್ಟು, ನೋಯುವ ಕಾಲನ್ನು ಎಳೆಯುತ್ತ ಓಡಿದಳು.

ಮೊದಲ ರಾತ್ರಿ ಚೆನ್ನಾಗಿಯೇ ಕಳೆಯಿತು. ಊಟವಾದ ಮೇಲೆ ಹೋಗಿ ನೋಡಿದೆ, ಮಲಗುವ ಮುಂಚೆ ಹೋಗಿ ನೋಡಿದೆ. ಕೋಣೆ ನನ್ನ ಮನೆಗಿಂತ ಬೆಚ್ಚಗಿತ್ತು. ಕೋಣೆ ಚಿಕ್ಕದು, ಕದ ಮುಚ್ಚಿದೆ, ಅದಕ್ಕೇ ಇರಬೇಕು ಎಂದುಕೊಂಡೆ. ಒಂದು ಮರಿ ರೆಕ್ಕೆಯನ್ನು ಬೀಸಣಿಗೆಯ ಹಾಗೆ ಬಿಚ್ಚಿ, ಒಂದು ಕಾಲು ಹಿಂದಕ್ಕೆ ಚಾಚಿ ಮಲಗಿತ್ತು. ಸತ್ತೇಹೋಯಿತೇನೋ ಎಂದು ನಾನು ಹೆದರಿ ರಟ್ಟನ್ನು ತಟ್ಟಿದೆ. ಅದು ಒಂದು ಕಣ್ಣು ತೆರೆದು, ಹಿಂದಿನ ಬೆಂಚಿನ ಹುಡುಗನ ಹಾಗೆ ನನ್ನನ್ನು ನೋಡಿ, ಮತ್ತೆ ಮುಚ್ಚಿತು. ಕದವನ್ನು ಎರಡು ಸಲ ತಳ್ಳಿ ನೋಡಿ ಹೋಗಿ ಮಲಗಿದೆ.

ಗುರುವಾರ ಸಂಜೆ ಶಾಲೆಯಿಂದ ಬಂದಾಗ ಐದೂವರೆ. ಕೋಣೆಯಲ್ಲಿ ದೀಪ ಇರಲಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಬಂದಿತ್ತಂತೆ; ಬಂದ ಏಟಿಗೆ ಬಲ್ಬಿನ ತಂತಿ ತುಂಡಾಗಿತ್ತು. ಬಿಸಿಲು ಇನ್ನೂ ತಗಡಿನ ಮೇಲಿತ್ತು, ಮರಿಗಳು ಓಡಾಡಿಕೊಂಡಿದ್ದವು. ಕತ್ತಲಾಗುವುದರೊಳಗೆ ಹೊಸ ಬಲ್ಬು ಹಾಕಬೇಕೆಂದು ರುದ್ರಪ್ಪನವರ ಅಂಗಡಿಗೆ ಹೋದೆ. ರುದ್ರಪ್ಪನವರು ನಮ್ಮ ಕಡೆಯ ಪೈಕಿಯವರು. ಪೈಪು, ವಯರು, ಬಲ್ಬು, ಎಲ್ಲವನ್ನೂ ಇಟ್ಟಿದ್ದಾರೆ. ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಕೂತಿರುತ್ತಾರೆ, ಬಾಯಿ ಸುಮ್ಮನಿರುವುದಿಲ್ಲ. ಹಳದಿ ಬಲ್ಬು ಕೊಡಿ ಎಂದೆ.

“ಹಳದೀದು ಈಗ ಯಾರು ಕೇಳ್ತಾರ್ರೀ ಟೀಚರ್ರೇ? ಎಲ್‌ಇಡಿ ತಗಳ್ರಿ. ಬೆಳಕು ಜಾಸ್ತಿ, ಕರೆಂಟು ಕಮ್ಮಿ. ಎಲ್ಲಿಗೆ ಹಾಕಾಕೆ?”

ಇಲ್ಲಿ ನಾನು ನಿಲ್ಲಬೇಕು. ಏಕೆಂದರೆ ಆಗಲೂ ಒಂದು ಕ್ಷಣ ನಿಂತಿದ್ದೆ. ಅಂಗಡಿಯಲ್ಲಿ ಇನ್ನೂ ಇಬ್ಬರಿದ್ದರು. ‘ಕೋಳಿಮರಿಗೆ’ ಎಂಬ ಮಾತು ಬಾಯಿಗೆ ಬಂದಿತ್ತು. ಹೇಳಿದರೆ ರುದ್ರಪ್ಪನವರು ಏನೆನ್ನುತ್ತಾರೆ ಎಂಬುದೂ ಅಷ್ಟರಲ್ಲೇ ಕಿವಿಯಲ್ಲಿ ಕೇಳಿಸಿತು. “ಏನ್ರೀ, ನಮ್ಮ ಟೀಚರ್ರು ಕೋಳಿ ಸಾಕಾಕೆ ಶುರು ಮಾಡಿದ್ರಲ್ಲಪ್ಪೋ!” ಆ ಮಾತು ಸೋಮವಾರದ ಹೊತ್ತಿಗೆ ಚನ್ನಗಿರಿ ತಲುಪುತ್ತದೆ.

“ಓದಾಕೆ” ಎಂದೆ. “ಸಂಜೆ ಪೇಪರ್ ತಿದ್ದಬೇಕು.”

“ಹಂಗಾದ್ರೆ ಇದೇ ಬೆಸ್ಟು” ಎಂದು ಬಿಳಿ ಬಲ್ಬೊಂದನ್ನು ಪರೀಕ್ಷಿಸಿ, ಉರಿಸಿ ತೋರಿಸಿ ಕೊಟ್ಟರು.

ಅದನ್ನು ಹಾಕಿದಾಗ ಕೋಣೆ ಹಗಲಿನಂತಾಯಿತು. ಹೊಟ್ಟಿನ ಒಂದೊಂದು ಎಸಳೂ ಕಾಣಿಸುತ್ತಿತ್ತು. ನನಗೆ ಸಮಾಧಾನವಾಯಿತು. ಇಷ್ಟು ಬೆಳಕಿಗೆ ಯಾವ ಬೆಕ್ಕೂ ಹತ್ತಿರ ಸುಳಿಯುವುದಿಲ್ಲ ಎಂದು ಹೆಮ್ಮೆಯೂ ಆಯಿತು ಎಂದರೆ ನೀವು ನಂಬಬೇಕು.

ಒಂಬತ್ತು ಗಂಟೆಗೆ ಹೋದಾಗ ಮರಿಗಳು ಕೂಗುತ್ತಿದ್ದವು. ಹಿಂದಿನ ರಾತ್ರಿಯ ಸಣ್ಣ ಗುಸುಗುಸು ಅಲ್ಲ. ಎಲ್ಲವೂ ಒಟ್ಟಿಗೆ, ಮೊನಚಾದ ದನಿಯಲ್ಲಿ. ಎಲ್ಲವೂ ರಟ್ಟಿನ ಒಂದೇ ಬದಿಗೆ ಒತ್ತಿಕೊಂಡಿದ್ದವು. ಬೆಕ್ಕು ಬಂದು ಹೋಗಿರಬೇಕು, ಹೆದರಿವೆ ಎಂದು ತೀರ್ಮಾನಿಸಿದೆ. ಟಾರ್ಚು ಹಿಡಿದು ಹಿತ್ತಿಲನ್ನೆಲ್ಲ ಹುಡುಕಿದೆ. ಏನೂ ಕಾಣಲಿಲ್ಲ. ಆದರೂ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಹನುಮಕ್ಕ ನಂಬಿ ಹೋಗಿದ್ದಾಳೆ, ರಾತ್ರಿಯೆಲ್ಲ ಕಾಯಬೇಕು ಎಂದಿದ್ದಾಳೆ, ಕಾಯುತ್ತೇನೆ ಎಂದುಕೊಂಡೆ. ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದೆ. ಉಣ್ಣೆಯ ಶಾಲು ತಂದು ಹೊದ್ದುಕೊಂಡೆ. ಚಳಿ ಬಹಳ ಇತ್ತು, ಆದ್ದರಿಂದ ಕಾಲಿಗೆ ಸಾಕ್ಸೂ ಹಾಕಿಕೊಂಡೆ. ಮರಿಗಳಿಂದ ಮೂರು ಅಡಿ ದೂರದಲ್ಲಿ, ಕೈಯಲ್ಲಿ ಒಂದು ಕೋಲು ಹಿಡಿದು ಕದದ ಕಡೆ ಮುಖ ಮಾಡಿ ಕೂತೆ.

ನಾನು ಕದವನ್ನು ನೋಡುತ್ತಿದ್ದೆ. ಮರಿಗಳು ನನ್ನ ಬೆನ್ನ ಹಿಂದೆ ಇದ್ದವು.

ಎರಡು ಗಂಟೆಯ ಹೊತ್ತಿಗೆ ಕೂಗು ಕಡಿಮೆಯಾಗುತ್ತ ಬಂದು ನಿಂತಿತು. ತಿರುಗಿ ನೋಡಿದೆ. ಅದೇ ಬದಿಯಲ್ಲಿ ಗುಡ್ಡೆಯಾಗಿ, ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಅಂತೂ ನಿದ್ದೆ ಹೋದವಲ್ಲ ಎನ್ನಿಸಿತು. ಆಮೇಲೆ ನನಗೂ ನಿದ್ದೆ ಬಂತು.

ಎಚ್ಚರವಾದಾಗ ಐದೂ ಇಪ್ಪತ್ತು. ದೀಪ ಉರಿಯುತ್ತಲೇ ಇತ್ತು. ಗುಡ್ಡೆ ಹಾಗೆಯೇ ಇತ್ತು, ಸ್ವಲ್ಪ ತಗ್ಗಿತ್ತು. ರಟ್ಟನ್ನು ತಟ್ಟಿದೆ. ಮೇಲಿನವು ಒಂದೆರಡು ಅಲುಗಾಡಿದವು. ನಾನು ಕೈ ಹಾಕಿದೆ. ಮೇಲಿನ ಮರಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟೆ. ಕೆಳಗೆ ಹೋದಂತೆ ಅವು ಚಪ್ಪಟೆಯಾಗಿ, ಒದ್ದೆಯಾಗಿ, ಹೊಳೆಯ ಕಲ್ಲಿನಷ್ಟು ತಣ್ಣಗಿದ್ದವು. ಕೆಳಗಿನವನ್ನು ಬೆಕ್ಕು ಮುಟ್ಟಿರಲಿಲ್ಲ. ಒಂದರ ಮೈಮೇಲೂ ಗಾಯವಿರಲಿಲ್ಲ. ಹದಿನಾರು ಸತ್ತಿದ್ದವು. ಹದಿನಾಲ್ಕರಲ್ಲಿ ಉಸಿರಿತ್ತು.

ಸೊಕ್ಕೆಗೆ ಫೋನ್ ಮಾಡಿದೆ. ಹನುಮಕ್ಕ ಎದ್ದಿದ್ದಳು.

“ಮರಿ ಸತ್ತವೆ ಹನುಮಕ್ಕ” ಎಂದೆ.

“ದೀಪ ಆರಿತ್ತೇನ್ರೀ?”

“ಇಲ್ಲ. ರಾತ್ರಿಯೆಲ್ಲ ಉರಿದೈತೆ. ಈಗಲೂ ಉರೀತೈತೆ.”

“ದೀಪ ಉರಿದ್ರೆ ಹೆಂಗ್ರೀ ಸಾಯ್ತಾವೆ?” ಎಂದಳು. “ದೀಪದ ಕೆಳಗೆ ಕೈ ಹಿಡೀರಿ. ಕಾಯ್ತೈತಾ?”

ಹಿಡಿದೆ. ಅಂಗೈಯ ಮೇಲೆ ಬೆಳಕು ಬಿತ್ತು. ಕೈಯ ಗೆರೆಗಳೆಲ್ಲ ಕಂಡವು. ಬೇರೇನೂ ಆಗಲಿಲ್ಲ. ಬಲ್ಬಿನ ಕುತ್ತಿಗೆ ಮುಟ್ಟಿದರೆ ಅಷ್ಟಿಷ್ಟು ಬೆಚ್ಚಗಿತ್ತು. ಅದರ ಬೆಳಕು ಬೆಳದಿಂಗಳಿನಷ್ಟು ತಣ್ಣಗಿತ್ತು.

“ಇಲ್ಲ” ಎಂದೆ.

“ಯಾವ ಬಲ್ಬು ಹಾಕಿದ್ರಿ ಟೀಚರ್ರೇ?”

ಹೇಳಿದೆ. ಬೈದಾಳು ಎಂದು ಕಾದೆ. ಅವಳು ಬೈಯಲಿಲ್ಲ.

“ನೀರು ಕಾಯಾಕೆ ಇಡ್ರಿ ಮೊದ್ಲು. ಕಾದ ನೀರು ಬಾಟ್ಲಿಗೆ ತುಂಬಿ, ಬಟ್ಟೆ ಸುತ್ತಿ ಮರಿ ಮಧ್ಯ ಇಡ್ರಿ. ಅದು ಆಗೋಗಂಟ ಇರೋವನ್ನ ಎದೆಗೆ ಹಾಕ್ಕಳ್ರಿ. ನಾಚ್ಕಬ್ಯಾಡ್ರಿ.”

‘ನೀರು ಕಾಯಾಕೆ ಇಡ್ರಿ’ ಎಂದಳಲ್ಲ, ಆಗ ನನಗೆ ಅರ್ಥವಾಯಿತು. ಮರಿ ಕಾಯಬೇಕು. ಈ ವಾಕ್ಯದಲ್ಲಿ ಮರಿ ಕರ್ತೃವೋ ಕರ್ಮವೋ? ಹೊಲ ಕಾಯಬೇಕು ಎಂದರೆ ಯಾರೋ ಹೊಲವನ್ನು ಕಾವಲು ಮಾಡಬೇಕು. ನೀರು ಕಾಯಬೇಕು ಎಂದರೆ ನೀರು ತಾನೇ ಬಿಸಿಯಾಗಬೇಕು. ಹನುಮಕ್ಕ ಮರಿ ಎಂದಾಗ ಅದು ನೀರಿನ ಹಾಗಿತ್ತು. ನಾನು ಕೇಳಿಸಿಕೊಂಡಾಗ ಹೊಲದ ಹಾಗಾಯಿತು. ಎಂಟನೆಯ ತರಗತಿಗೆ ಇದನ್ನು ನಾನೇ ಪಾಠ ಮಾಡಿದ್ದೇನೆ, ನಾನಾರ್ಥಗಳನ್ನು ಬರೆಯಿರಿ ಎಂದು ಕೊಟ್ಟು, ಒಂದೇ ಅರ್ಥ ಬರೆದವರಿಗೆ ಅರ್ಧ ಅಂಕ ಕಳೆದಿದ್ದೇನೆ.

ಒಲೆಯ ಮೇಲೆ ನೀರಿಟ್ಟು ಬಂದು ಹೊಟ್ಟಿನ ಮೇಲೆಯೇ ಕೂತೆ. ಮರಿಗಳನ್ನು ಶಾಲಿನೊಳಗೆ, ಕುಪ್ಪಸಕ್ಕೆ ಒತ್ತಿ, ಶಿವದಾರದ ಅಕ್ಕಪಕ್ಕ ಇಟ್ಟುಕೊಂಡು ಮೇಲಿಂದ ಸೆರಗು ಬಿಗಿದೆ. ಅವುಗಳ ಉಗುರು ಚುಚ್ಚುತ್ತಿತ್ತು. ಎದೆ ಬಡಿತ ಯಾವುದು ನನ್ನದು ಯಾವುದು ಅವುಗಳದು ಗೊತ್ತಾಗುತ್ತಿರಲಿಲ್ಲ. ಒಂದು ಮರಿ ಕೊಕ್ಕು ತೆರೆದು ಮುಚ್ಚಿ ಮಾಡುತ್ತಿತ್ತು. ಹತ್ತು ನಿಮಿಷದ ಮೇಲೆ ನೋಡಿದಾಗ ಕೊಕ್ಕು ತೆರೆದೇ ಇತ್ತು. ಇನ್ನೊಂದು ಬಾಟಲಿಯ ಪಕ್ಕ ಇಟ್ಟ ಮೇಲೆ ಹೋಯಿತು. ಉಳಿದದ್ದು ಹನ್ನೆರಡು.

ಏಳು ಗಂಟೆಗೆ ರುದ್ರಪ್ಪನವರಿಗೆ ಫೋನ್ ಮಾಡಿದೆ. ಈ ಸಲ ಮೊದಲ ಮಾತೇ ಅದಾಗಿತ್ತು.

“ಕೋಳಿಮರಿಗೆ ಬಲ್ಬು ಬೇಕು ರುದ್ರಪ್ಪನೋರೆ. ಹಳದೀದು. ಎಲ್ಲಾದರೂ ಸಿಗುತ್ತಾ? ನಿನ್ನೆ ತಗೊಂಡದ್ದೂ ಅದಕ್ಕೇ.”

“ಅಯ್ಯೋ ಶಿವನೇ! ನಿನ್ನೆ ಹೇಳಬಾರದಿತ್ತೇನ್ರೀ? ಮರಿ ಸಾಕೋರಿಗೆ ಅಂತ್ಲೇ ಒಂದು ಡಬ್ಬಿ ಒಳಗೆ ಇಟ್ಟಿದ್ದೀನಲ್ರೀ. ನೀವು ಪೇಪರ್ ತಿದ್ದಾಕೆ ಅಂದ್ರಿ!”

ನಾನು ನಿಂತ ಜಾಗದಿಂದ ಆ ಡಬ್ಬಿ ಹತ್ತು ಹೆಜ್ಜೆ ಇದ್ದಿರಬಹುದು. ಅವರೇ ಗಾಡಿಯ ಮೇಲೆ ಬಂದು, ಬಲ್ಬು ಹಾಕಿ, ಎತ್ತರ ಸರಿ ಮಾಡಿ ಕೊಟ್ಟರು. ಮೂಲೆಯಲ್ಲಿ ನಾನು ಪೇಪರಿನ ಮೇಲೆ ಸಾಲಾಗಿ ಮಲಗಿಸಿದ್ದ ಹದಿನೆಂಟನ್ನು ನೋಡಿದರು. ಒಂದು ತಮಾಷೆಯ ಮಾತನ್ನೂ ಆಡದೆ ಹೋದರು.

ಶಾಲೆಗೆ ರಜೆ ಹೇಳಿದೆ. ಸತ್ತವನ್ನು ಹೂಳಲಿಲ್ಲ. ಅವಳು ಬಂದು ನೋಡದೆ ಮುಚ್ಚಿಬಿಡುವುದು ಸರಿಯಲ್ಲ ಎನ್ನಿಸಿತು. ಸಂಜೆ ಆರಕ್ಕೆ ಹನುಮಕ್ಕ ಬಂದಳು. ತಾಯಿಯ ಮೂಳೆ ಮುರಿದಿರಲಿಲ್ಲ, ಅಷ್ಟು ಸಮಾಧಾನ. ಕೋಣೆಗೆ ಹೋಗಿ ಮೊದಲು ದೀಪದ ಕೆಳಗೆ ಇದ್ದವನ್ನು ಎಣಿಸಿದಳು, ಆಮೇಲೆ ಪೇಪರಿನ ಮೇಲೆ ಇದ್ದವನ್ನು. ನಾನು ಎಲ್ಲವನ್ನೂ ಹೇಳಿದೆ. ಬೆಕ್ಕಿನ ವಿಷಯ ಬಂದಾಗ ಅವಳು ನನ್ನನ್ನು ದಿಟ್ಟಿಸಿ ನೋಡಿದಳು.

“ಬೆಕ್ಕು ಬರಬಾರ್ದು ಅಂತ ಯಾರಾದ್ರೂ ದೀಪ ಹಚ್ತಾರೇನ್ರೀ? ದೀಪ ಇದ್ರೆ ಅದಕ್ಕೇ ದಾರಿ ತೋರಿಸ್ದಂಗೆ.”

ನನ್ನ ಬುದ್ಧಿಗೆ ಅದು ಹೊಳೆದೇ ಇರಲಿಲ್ಲ. ಆಮೇಲೆ ಅಂಗಡಿಯ ವಿಷಯ ಹೇಳಿದೆ. ‘ಓದಾಕೆ’ ಎಂದದ್ದನ್ನೂ ಹೇಳಿದೆ. ಹೇಳದಿದ್ದರೆ ಅವಳಿಗೆ ಗೊತ್ತಾಗುತ್ತಿರಲಿಲ್ಲ. ರುದ್ರಪ್ಪನವರು ಹೇಳುವವರಾಗಿ ಕಾಣಲಿಲ್ಲ. ಹನುಮಕ್ಕ ಪೇಪರಿನ ನಾಲ್ಕೂ ಮೂಲೆ ಹಿಡಿದು ಗಂಟು ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

“ಗೊತ್ತಿಲ್ದೆ ಆಯ್ತು ಅಂದ್ರಲ್ಲ, ಅದು ಯಾರಿಗಾದ್ರೂ ಆಗ್ತೈತೆ. ನಮ್ಮ ಕೋಳಿ ಹೆಸ್ರು ಬಾಯಲ್ಲಿ ಬರಾಕೆ ನಾಚಿಕೆ ಆಯ್ತಲ್ರೀ ನಿಮ್ಗೆ. ದಿನಾ ನಿಮ್ಮ ಕಟ್ಟೆ ಮ್ಯಾಲೆ ಕುಂದ್ರತೀನಿ ನಾನು.”

ಅಷ್ಟೇ ಹೇಳಿದಳು. ಹಿತ್ತಿಲಲ್ಲಿ ಗುಂಡಿ ತೆಗೆಯಲು ನಾನು ಗುದ್ದಲಿ ಕೇಳಿದೆ. ಕೊಟ್ಟಳು. ಬೇರೆ ಮರಿ ತಂದುಕೊಡುತ್ತೇನೆ ಎಂದೆ. ಅವಳು ಗಂಟನ್ನು ನನ್ನ ಕೈಗಿಟ್ಟು ದೀಪದ ಕಡೆ ತಿರುಗಿದಳು.

ಶನಿವಾರ ನಾನು ಚನ್ನಗಿರಿಗೆ ಹೋಗಲಿಲ್ಲ. ಅವಳು ಕಟ್ಟೆಗೆ ಬರಲಿಲ್ಲ. ಭಾನುವಾರವೂ ಬರಲಿಲ್ಲ. ಸೋಮವಾರ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೆಂಗಸರ ಗುಂಪಿನ ಜೊತೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಹನ್ನೆರಡು ಮರಿಗೆ ಮನೆಯಲ್ಲಿ ಕೂತರೆ ಜನ ನಗುತ್ತಾರೆ ಎಂದು ಯಾರಿಗೋ ಹೇಳಿದಳಂತೆ. ಆ ಸಂಜೆ ನಾನು ಶಾಲೆಯಿಂದ ಬರುವಾಗ, ಬಸ್ಸು ಊರು ತಲುಪುವ ಮುಂಚೆ, ರಸ್ತೆ ಪಕ್ಕದ ಈರುಳ್ಳಿ ಹೊಲದಲ್ಲಿ ಅವಳು ಕಂಡಳು. ಉಳಿದವರು ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದರು. ಹನುಮಕ್ಕ ಏಳಲು ನೋಡಿ, ಆಗದೆ, ಎರಡೂ ಕೈಯನ್ನು ನೆಲಕ್ಕೂರಿ ಕೂಸಿನ ಹಾಗೆ ಅಂಬೆಗಾಲಿನಲ್ಲಿ ಬದುವಿನವರೆಗೆ ಹೋದಳು. ಅಲ್ಲಿ ಒಂದು ಕಲ್ಲನ್ನು ಹಿಡಿದು ಎದ್ದಳು. ಬಸ್ಸು ಮುಂದೆ ಹೋಯಿತು. ನಾನು ಕಿಟಕಿಯ ಕಂಬಿಯನ್ನು ಹಿಡಿದುಕೊಂಡೇ ಇದ್ದೆ.

ಮಂಗಳವಾರ ಮಧ್ಯಾಹ್ನದ ಮೇಲೆ ರಜೆ ಹಾಕಿ ನ್ಯಾಮತಿಗೆ ಹೋದೆ. ಮರಿ ಮಾರುವವನನ್ನು ಹುಡುಕುವುದಕ್ಕೆ ಐದು ಜನರನ್ನು ಕೇಳಬೇಕಾಯಿತು. ಐದು ಸಲ ಆ ಹೆಸರನ್ನು ಹೇಳಿದೆ, ಮೂರನೆಯ ಸಲಕ್ಕೆ ದನಿ ತಗ್ಗಿಸುವುದನ್ನು ಬಿಟ್ಟೆ. ಹದಿನೆಂಟು ನಾಟಿ ಮರಿ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ದಾರ ಕಟ್ಟಿ ಕೊಟ್ಟ. ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದ ಸೀಟಿನಲ್ಲಿ ನಮ್ಮ ಕಡೆಯವರೇ ಎಂದು ನೋಡಿದ ಕೂಡಲೇ ಗೊತ್ತಾಗುವಂಥ ಹೆಂಗಸೊಬ್ಬರು ಕೂತಿದ್ದರು. ಹಣೆಯಲ್ಲಿ ವಿಭೂತಿ, ನನಗಿಂತ ಹಿರಿಯರು. ಬಸ್ಸು ಹೊರಟಿತು, ಪೆಟ್ಟಿಗೆ ಕೂಗಿತು.

“ನಿಮ್ಮ ಫೋನ್ ಹೊಡ್ಕಳ್ತೈತೆ ನೋಡಮ್ಮ” ಎಂದರು.

“ಫೋನಲ್ಲ, ಕೋಳಿಮರಿ” ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೇನೋ, ಮುಂದಿನ ಸೀಟಿನವರು ತಿರುಗಿದರು.

ಆಕೆ ಪೆಟ್ಟಿಗೆಯನ್ನು ನೋಡಿದರು, ನನ್ನ ಹಣೆಯನ್ನು ನೋಡಿದರು. ದೂರ ಸರಿಯುತ್ತಾರೆ ಎಂದುಕೊಂಡೆ.

“ಮತ್ತೆ ಕಿಟಕಿ ತಗ್ದಿಟ್ಟೀಯಲ್ಲ ತಾಯಿ! ಗಾಳಿ ಬಡಿದ್ರೆ ಉಳೀತಾವಾ ಅವು? ಹಾಕು, ಹಾಕು” ಎಂದು ನನ್ನ ಮೇಲಿಂದ ಬಾಗಿ ತಾವೇ ಗಾಜನ್ನು ಎಳೆದರು.

ಸವಳಂಗದಲ್ಲಿ ಇಳಿದು, ರುದ್ರಪ್ಪನವರ ಅಂಗಡಿಯಲ್ಲಿ ಇನ್ನೊಂದು ಹಳದಿ ಬಲ್ಬು, ವಯರು ಕೊಂಡು ಮನೆ ಸೇರಿದಾಗ ಸಂಜೆಯಾಗಿತ್ತು. ಹನುಮಕ್ಕ ಹೊಲದಿಂದ ಬಂದು ಹಿತ್ತಿಲ ಬಾಗಿಲ ಹತ್ತಿರ ಗೋಡೆಗೊರಗಿ ಕೂತಿದ್ದಳು. ಎರಡೂ ಮೊಣಕಾಲಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಂಡಿದ್ದಳು. ಪೆಟ್ಟಿಗೆಯ ಸದ್ದು ಕೇಳಿ ತಲೆ ಎತ್ತಿದಳೇ ಹೊರತು ಏಳಲಿಲ್ಲ. ಏಳಲು ಆಗುತ್ತಿರಲಿಲ್ಲ.

“ಎಷ್ಟು ತಂದ್ರಿ?”

“ಹದಿನೆಂಟು.”

“ದೊಡ್ಡವುಗಳ ಜೊತೆ ಬಿಡಬ್ಯಾಡ್ರಿ, ಕುಕ್ಕಿ ಹಾಕ್ತಾವೆ. ಆ ಕಡೆ ಮೂಲೇಲಿ ಬೇರೆ ರಟ್ಟು ನಿಲ್ಲಿಸ್ರಿ.”

ನಿಲ್ಲಿಸಿದೆ. ಹೊಟ್ಟು ಎಷ್ಟು ದಪ್ಪ ಹರಡಬೇಕು, ನೀರಿನ ತಟ್ಟೆ ಎಲ್ಲಿಡಬೇಕು, ದೀಪ ಎಷ್ಟು ಕೆಳಗಿರಬೇಕು ಎಂದು ಅವಳು ಕೂತಲ್ಲಿಂದಲೇ ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. “ಇನ್ನೂ ಕೆಳಗೆ. ಹಾಂ, ಅಷ್ಟು ಬ್ಯಾಡ, ಸುಟ್ಟು ಹೋಗ್ತಾವೆ. ಮ್ಯಾಲೆ. ಅಲ್ಲೇ ಬಿಡ್ರಿ.” ಮರಿಗಳನ್ನು ಒಂದೊಂದಾಗಿ ಎತ್ತಿ, ಕೊಕ್ಕನ್ನು ನೀರಿಗೆ ಅದ್ದಿ ಬಿಡಬೇಕೆಂದಳು, ಹದಿನೆಂಟಕ್ಕೂ ಹಾಗೆ ಮಾಡಿದೆ. ಮುಗಿದಾಗ ನನ್ನ ಸೀರೆಯ ತುಂಬ ಹೊಟ್ಟು ಅಂಟಿತ್ತು. ಮರಿಗಳು ಮೊದಲು ಗಾಬರಿಯಾಗಿ ಓಡಾಡಿ, ಆಮೇಲೆ ಬೆಳಕಿನ ಅಡಿಗೆ ಬಂದು, ಒಂದಕ್ಕೊಂದು ಅಂಟಿಕೊಳ್ಳದೆ, ಬಿಡಿಬಿಡಿಯಾಗಿ ಕೂತವು.

ಹನುಮಕ್ಕ ಬಾಗಿಲಿನಿಂದ ಕತ್ತು ಚಾಚಿ ಬಹಳ ಹೊತ್ತು ನೋಡಿದಳು. ನನ್ನನ್ನಲ್ಲ, ಮರಿಗಳನ್ನು. ಆಮೇಲೆ ಸೊಂಟದಿಂದ ಫೋನ್ ತೆಗೆದು, ಕಳೆಯ ಗುಂಪಿನ ಹೆಂಗಸಿಗೆ ಹಚ್ಚಿದಳು.

“ನಾಳೆಯಿಂದ ನನ್ನ ಕರೀಬ್ಯಾಡ ಕಣೇ” ಎಂದಳು. ಆ ಕಡೆಯವಳು ಕಾರಣ ಕೇಳಿರಬೇಕು. ಹನುಮಕ್ಕ ಎಲೆ ಕಟ್ಟಿದ ಕಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿಕೊಂಡಳು.

“ಮನೇಲಿ ಕೆಲ್ಸ ಐತೆ.”